ಬರ ಎಂದರೆ

ಪುಣೆ
12 ಸೆಪ್ಟೆಂಬರ್ 2020, ಶನಿವಾರ

ಪ್ರೀತಿಯ ಅವ್ವಾ,

ಮೊಣಕಾಲು ಹೇಗಿದೆ? ನೀನು ಹಚ್ಚಿಕೊಳ್ಳುವ ಎಣ್ಣೆ ದೌಂಡದಲ್ಲಿ ಸಿಗುತ್ತಿಲ್ಲವೆಂದು ತಮ್ಮ ಸಿದ್ದಾರೂಢ ಹೇಳಿದ. ಈ ಪಾರ್ಸಲ್‌ನಲ್ಲಿ ಎರಡು ಬಾಟಲಿ ಇಟ್ಟಿದ್ದೇನೆ. ಅವನ ಮಗಳ ತೊಟ್ಟಿಲ ಕಾರ್ಯಕ್ಕೆಂದು ಮಾರ್ಚಿನಲ್ಲಿ ಹೋದವಳು ನೀನು, ಲಾಕ್‌ಡೌನಿನಿಂದ ಅಲ್ಲೇ ಉಳಿದೆ. ಈಗ ಆ ಕೂಸು ಎದ್ದು ಕೂರುತ್ತದಂತೆ. ಅವನಿಗೆ ರೈಲ್ವೆಯಲ್ಲಿ ಇನ್ನೂ ರಾತ್ರಿ ಪಾಳಿಯೇ?

ನಮ್ಮ ಕನ್ನಡ ಶಾಲೆ ಇನ್ನೂ ತೆರೆದಿಲ್ಲ. ಪಾಠದ ಯೋಜನೆಯನ್ನು ಮಾತ್ರ ವಾರವಾರವೂ ಬರೆಯಬೇಕು. ಹಳೆಯ ಪದ್ಧತಿಯಲ್ಲಿ ಪೀಠಿಕೆ, ಬೋಧನೆ, ಕೊನೆಗೆ ಪ್ರಶ್ನೆ. ಮೊದಲ ತಿಂಗಳು ಅದನ್ನೇ ಫೋನಿಗೆ ಓದಿ ಕಳಿಸಿದೆ. ಯಾರೂ ಕೇಳಲಿಲ್ಲ. ನನ್ನ ಮೂರನೆಯ ತರಗತಿಯ ಮಕ್ಕಳ ಅಪ್ಪಂದಿರು ಹೆಚ್ಚಿನವರು ಮಾರ್ಕೆಟ್ ಯಾರ್ಡಿನಲ್ಲಿ ಮೂಟೆ ಹೊರುವವರು. ನಸುಕಿನಲ್ಲಿ ಅವರ ಜೊತೆ ಫೋನೂ ಹೋಗುತ್ತದೆ, ಮಧ್ಯಾಹ್ನ ತಿರುಗಿ ಬರುತ್ತದೆ. ಆದ್ದರಿಂದ ಈಗ ಊಟದ ಹೊತ್ತಿಗೆ ಕಳಿಸುತ್ತೇನೆ. ಒಂದು ತಾಟು ತೊಳೆದು ಮುಗಿಸುವಷ್ಟು ಉದ್ದದ ಪಾಠ, ಬಟ್ಟಲು, ಚಮಚ, ಬೇಳೆ ಎಂದು ಮನೆಯಲ್ಲೇ ಇರುವ ಸಾಮಾನು. ಮುಖ ಕಾಣುವುದಿಲ್ಲ, ಅದೊಂದೇ ತೊಡಕು.

ಹೋದ ವಾರ ಬರಗಾಲದ ಪಾಠ. ಬಾವಿ ಬತ್ತುವುದು, ಜನ ಗುಳೆ ಹೋಗುವುದು, ಎಲ್ಲ ಹೇಳಿ, ಊರಿಗೆ ಬರ ಬಂದಾಗ ಜನ ಏನು ಮಾಡಿದರು ಎಂದು ಕೇಳಿದೆ. ರಕ್ಷಿತ ಎಂಬ ಹುಡುಗಿ ಧ್ವನಿಯಲ್ಲಿ ಉತ್ತರ ಕಳಿಸಿದಳು: "ಬರ ಬಂತ್ರಿ ಟೀಚರ್, ಎಲ್ಲಾರಿಗೂ ಭಾಳ ಖುಷಿ ಆತ್ರಿ, ಹೋಳಗಿ ಮಾಡಿದ್ರು." ಹಿಂದಿನಿಂದ ಅವಳ ಅಪ್ಪ: "ಏ ಹುಚ್ಚಿ, ಬರ ಅಂದ್ರ ಮಳಿ ಇಲ್ಲದ್ದು! ಹೋಳಗಿ ಯಾರ ಕೊಡತಾರ?" ಅದಕ್ಕೆ ಅವಳು: "ಮತ್ತ ಬಾಜೂ ಮನಿ ಕಾಕೂ ಕಸಾ ಕಾಯ್ ಅಂದ್ರ ಬರ ಅಂತಾಳಲ್ಲ?" ಅವಳದು ಸರಿಯೇ. ಮರಾಠಿಯಲ್ಲಿ ಕಸಾ ಕಾಯ್ ಎಂದರೆ ಹೇಗಿದ್ದೀ, ಬರ ಎಂದರೆ ಕ್ಷೇಮ. ಇಷ್ಟು ವರ್ಷ ಇದೇ ಪಾಠ ಮಾಡಿದ್ದೇನೆ, ಮಕ್ಕಳು ತಲೆಯಾಡಿಸಿದ್ದಾರೆ, ನಾನು ಮುಂದಿನ ಪುಟ ತಿರುಗಿಸಿದ್ದೇನೆ.

ಈಗ ಯೋಜನೆಯನ್ನು ತಿರುವುಮುರುವು ಮಾಡಿದ್ದೇನೆ. ಮೊದಲು ಪದ ಕಳಿಸಿ, ನಿಮ್ಮ ಮನೆಯಲ್ಲಿ ಇದಕ್ಕೆ ಏನೆನ್ನುತ್ತೀರಿ ಎಂದು ಕೇಳುವುದು. ಉತ್ತರ ಬಂದ ಮೇಲೆ ಪಾಠ. ಮುಖ್ಯಾಧ್ಯಾಪಕರು ಓದಿ, "ಪೀಠಿಕೆ ಎಲ್ಲಿ ಹೋತ್ರಿ ಬಾಯಾರ?" ಎಂದರು. ಅದೇ ಪೀಠಿಕೆ ಎಂದೆ. ಅನುವಾದದ ಕಾದಂಬರಿ ಹಿಡಿದು ಒಂದೊಂದು ಪದಕ್ಕೆ ನಾನು ನಿಂತುಬಿಟ್ಟರೆ ನೀನು ನಗುತ್ತಿದ್ದೆ, "ಮುಂದ ಹೋಗ ತ್ರಿವೇಣಿ, ಕತಿ ಓಡಿ ಹೋದೀತು" ಎಂದು. ಈಗ ಆ ನಿಲ್ಲುವುದಕ್ಕೇ ಸಂಬಳ.

ಕೂಸಿಗೆ ನನ್ನ ಮುತ್ತು. ತಮ್ಮನಿಗೂ ಮಾಧುರಿಗೂ ನೆನಪು ಹೇಳು. ಎಣ್ಣೆಯನ್ನು ಬೆಚ್ಚಗೆ ಮಾಡಿಯೇ ಹಚ್ಚಿಕೋ.

ನಿನ್ನ
ತ್ರಿವೇಣಿ

ಪಾರ್ಸಲ್ ಕಟ್ಟುವ ಮುಂಚೆ: ಹೇಗಿದ್ದೀ ಎಂದು ಫೋನಿನಲ್ಲಿ ಕೇಳಿದಾಗಲೆಲ್ಲ ನೀನೂ "ಬರ" ಎನ್ನುತ್ತೀ, ಅಷ್ಟೇ. ನಿನಗೆ ಕಿವಿ ಮಂದವೆಂದು ಸ್ಪೀಕರ್ ಹಾಕಿರುತ್ತಾರೆ. ಪಕ್ಕದಲ್ಲಿರುವ ಸೊಸೆಗೆ ತಿಳಿಯಲೆಂದು ಮರಾಠಿಯಲ್ಲಿ ಹೇಳುತ್ತಿದ್ದೀ ಎಂದುಕೊಂಡಿದ್ದೆ. ಆದರೆ ನೀನು ನನ್ನೊಡನೆ ಎಂದೂ ಮರಾಠಿ ಆಡಿದವಳಲ್ಲ. ಮಾಧುರಿ ಒಳ್ಳೆಯವಳು, ಅವಳಿಗೆ ಕನ್ನಡ ಬಾರದು. ಸಿದ್ದಾರೂಢ ಹಗಲೆಲ್ಲ ಮಲಗಿರುತ್ತಾನೆ. ಅಲ್ಲಿ ನಿನ್ನೊಡನೆ ಮಾತಾಡುವವರು ಯಾರು? ಅವ್ವಾ, ಅದು ಯಾವ ಭಾಷೆಯ ಬರ? ತಮ್ಮ ಕಲಿತದ್ದು ಮರಾಠಿ ಶಾಲೆಯಲ್ಲಿ, ಆ ಮನೆಯಲ್ಲಿ ಕನ್ನಡ ಓದುವವಳು ನೀನೊಬ್ಬಳೇ, ಅದಕ್ಕೇ ಕಾಗದದಲ್ಲಿ ಕೇಳುತ್ತಿದ್ದೇನೆ. ಕನ್ನಡದ್ದಾದರೆ ಫೋನಿನಲ್ಲಿ ಬಿಡಿಸಿ ಹೇಳುವುದು ಬೇಡ. "ಎಣ್ಣಿ ತೀರೇದ" ಅನ್ನು, ಸಾಕು. ಇಲ್ಲಿ ಸ್ವಾರಗೇಟದಿಂದ ದೌಂಡಕ್ಕೆ ಮತ್ತೆ ಬಸ್ಸು ಬಿಟ್ಟಿದ್ದಾರೆ.