ನಮ್ಮ ಮನೆಯ ದೆಬಿಲಿದಾದ್

ಒರೂರೊ,
೧೪ ಜೂನ್ ೧೯೯೪

ನನ್ನ ಕಂದ ಸೆನೋಬಿಯಾ,

ನಿನ್ನ ಕಾಗದ ಗುರುವಾರ ಕೈಸೇರಿತು. ಬ್ಯೂನಸ್ ಐರಿಸ್‌ನ ಡಾಕ್ಟರು ನಿನ್ನ ಕೆಮ್ಮು ನೋಡಿ, ಅಪ್ಪ ಏನಾಗಿ ತೀರಿಕೊಂಡರು ಎಂದು ವಿಚಾರಿಸಿದರಂತೆ. ನೀನು ದೆಬಿಲಿದಾದ್ ಎಂದೆಯಂತೆ. ಅವರು ಪೆನ್ನು ಕೆಳಗಿಟ್ಟು, "ಬರೀ ನಿತ್ರಾಣಕ್ಕೆ ಯಾರಮ್ಮ ಸಾಯ್ತಾರೆ? ನಿಮ್ಮಮ್ಮನ್ನ ಸರಿಯಾಗಿ ಕೇಳ್ಕೊಂಡು ಬನ್ನಿ" ಅಂದರಂತೆ. ಅವರಿಗೇನು ಗೊತ್ತು, ನಮ್ಮ ಬೀದಿಯಲ್ಲಿ ಅರ್ಧ ಜನ ಹೋದದ್ದು ಅದರಿಂದಲೇ.

ಈಗ ಹೇಳಿಬಿಡುತ್ತೇನೆ. ನಮ್ಮಲ್ಲಿ ಊಟ ತಪ್ಪಿ ತಲೆ ಸುತ್ತಿದರೂ ದೆಬಿಲಿದಾದ್, ಹೆತ್ತವಳು ಏಳಲಾರದೆ ಮಲಗಿದರೂ ದೆಬಿಲಿದಾದ್. ಆ ಮಾತಿಗೆ ಯಾರೂ ಹೆದರುವುದಿಲ್ಲ, ಅದಕ್ಕೇ ನಾನು ಅದರ ಹಿಂದೆ ಅಡಗಿಕೊಂಡೆ. ನಿಮ್ಮಪ್ಪನಿಗೆ ಇದ್ದದ್ದು ಕ್ಷಯ.

ಆರು ತಿಂಗಳು ಮಾತ್ರೆ ನುಂಗಬೇಕು, ಕಿಟಕಿ ತೆರೆದಿಡಬೇಕು ಎಂದು ಆಸ್ಪತ್ರೆಯ ನರ್ಸು ಹೇಳಿದ್ದಳು. ಆಗ ನಾನು ಸಂತೆಯಲ್ಲಿ ಸೂಪು ಮಾರುತ್ತಿದ್ದೆ. ಕ್ಷಯದ ಮನೆಯವಳ ಕೈಯಿಂದ ಯಾರು ಬಟ್ಟಲು ತೆಗೆದುಕೊಳ್ಳುತ್ತಿದ್ದರು? ಪಕ್ಕದಲ್ಲಿ ಕೂರುವ ಬಸೀಲಿಯಾ, "ಏನೇ, ನಿನ್ನ ಗಂಡ ಒಣಗಿಸಿದ ಆಲೂಗಡ್ಡೆ ಥರ ಆಗ್ಬಿಟ್ನಲ್ಲ" ಎಂದು ಕೆಣಕಿದಾಗ, "ದೆಬಿಲಿದಾದ್ ಕಣೇ, ತಿಂದ್ರೆ ಸರಿಹೋಗುತ್ತೆ" ಎಂದೆ. ಹಾಗೆಂದ ಮೇಲೆ ಅದಕ್ಕೆ ತಕ್ಕ ಆರೈಕೆಯನ್ನೇ ಮಾಡಬೇಕಾಯಿತು. ಕಪ್ಪು ಬಿಯರಿಗೆ ಹಸಿ ಮೊಟ್ಟೆ ಕದಡಿ ಕುಡಿಸಿದೆ. ಥಂಡಿ ತಾಗಬಾರದೆಂದು ಕಿಟಕಿಯ ಸಂದಿಗಳಿಗೆಲ್ಲ ಪೇಪರು ಅಂಟಿಸಿದೆ. ಬೆಚ್ಚಗಿರಲೆಂದು ನಿನ್ನನ್ನು ಅವರ ಕಂಬಳಿಯೊಳಗೆ ಮಲಗಿಸಿದವಳೂ ನಾನೇ.

ಎರಡು ತಿಂಗಳಿಗೆ ಅವರು ಎದ್ದು ಓಡಾಡಿದರು. "ಮೈಗೆ ಕಸುವು ಬಂತಲ್ಲೇ, ಇನ್ನು ಈ ಮಾತ್ರೆ ಯಾಕೆ" ಎಂದರು. ನಾನೂ ತಲೆಯಾಡಿಸಿದೆ. ದೆಬಿಲಿದಾದ್ ಎಂದು ಹೇಳಿ ಹೇಳಿ ನನಗೇ ಅದು ನಿಜವಾಗಿಬಿಟ್ಟಿತ್ತು. ಮುಂದಿನ ಕಾರ್ನಿವಲ್ ಹೊತ್ತಿಗೆ ಅವರಿರಲಿಲ್ಲ.

ನಿನ್ನ ಎದೆಯೊಳಗೆ ಅದನ್ನು ಇಟ್ಟವಳು ನಾನು. ಕ್ಷಮಿಸು ಎಂದು ಬರೆಯಲು ಕೈ ಬರುತ್ತಿಲ್ಲ. ಡಾಕ್ಟರ ಮುಂದೆ ಕ್ಷಯ ಎಂದೇ ಹೇಳು, ಹೊಲಿಗೆ ಕೆಲಸ ಹೋದರೂ ಹೇಳು. ಮಾತ್ರೆ ಒಂದು ದಿನವೂ ಬಿಡಬೇಡ. ಮೈಗೆ ಕಸುವು ಬಂದ ಮೇಲಂತೂ ಬಿಡಲೇಬೇಡ.

ನಿನ್ನ ಪಾಪಿ ತಾಯಿ,
ಸತುರ್ನಿನಾ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯವಾಗಿರಲಿಲ್ಲ. ನೀನು ನನ್ನ ಹತ್ತಿರ ಬಿಟ್ಟುಹೋದ ನಿನ್ನ ಮಗಳು ಸುಲ್ಮಾ ಚೆನ್ನಾಗಿದ್ದಾಳೆ ಎಂದು ಪ್ರತಿ ಸಲ ಬರೆಯುತ್ತಿದ್ದೆ. ಏಪ್ರಿಲಿನಿಂದ ನನಗೂ ಕೆಮ್ಮು. ಅವಳು ನನ್ನ ಕಂಬಳಿಯಲ್ಲೇ ಮಲಗುತ್ತಾಳೆ. ಯಾಕಜ್ಜಿ ಕೆಮ್ಮುತ್ತೀ ಎಂದು ಕೇಳಿದಾಗಲೆಲ್ಲ ಅದೇ ಹಳೆಯ ಮಾತು ಹೇಳಿದ್ದೇನೆ. ಇವತ್ತು ಬೆಳಿಗ್ಗೆ ಕಿಟಕಿಯ ಪೇಪರು ಕಿತ್ತೆಸೆದೆ. ಚಳಿಗೆ ಅವಳು ಎದ್ದು ಕೂತು ಕೆಮ್ಮಿದಳು. ಏನಾಯಿತೇ ಮರಿ ಎಂದೆ.

"ಏನಿಲ್ಲ ಅಜ್ಜಿ, ದೆಬಿಲಿದಾದ್ ಅಷ್ಟೆ" ಎಂದಳು.