ಖಾಲಿ ಕುರ್ಚಿ ಒಪ್ಪದ ರಂಗಮಂದಿರ

ಅಕ್ಕಾ,

ನಿನ್ನೆ ಇಲ್ಲಿಯ ನಗರಸಭೆಯ ರಂಗಮಂದಿರದಲ್ಲಿ ನನ್ನ ನಾಟಕದ ಮೊದಲ ಪ್ರದರ್ಶನ ಇತ್ತು. ಅರ್ಧ ಕುರ್ಚಿಗಳು ಖಾಲಿ. ಹಿಂದೆ ಜನರ ನೀರಿನ ತೆರಿಗೆಯಿಂದ ಕಟ್ಟಿದ್ದಾದ್ದರಿಂದ ಇಲ್ಲಿ ಕುರ್ಚಿ ತುಂಬದೆ ಪರದೆ ಏಳುವಂತಿಲ್ಲವಂತೆ. ಬಾಗಿಲು ಕಾಯುವವನು ಬೀದಿಗಿಳಿದು, "ಬನ್ರೀ, ನಿಮ್ ದುಡ್ಡಲ್ಲೇ ಕಟ್ಟಿದ್ದು, ಪುಕ್ಕಟೆ ಕೂತ್ಕೊಳ್ಳಿ!" ಎಂದು ದಾರಿಹೋಕರನ್ನು ಕರೆತಂದ. ತರಕಾರಿ ಮಾರುವ ಹೆಂಗಸೊಬ್ಬಳು ಬುಟ್ಟಿಯ ಸಮೇತ ನನ್ನ ಪಕ್ಕ ಕೂತಳು.

ದೂರವಾದ ಹೆಂಡತಿಯ ಮನೆ ಬಾಗಿಲವರೆಗೆ ಬಂದ ನಾಯಕ ತಟ್ಟದೆ ಹಿಂತಿರುಗುವುದು ನನ್ನ ನಾಟಕದ ಕೊನೆ. ಆ ತರಕಾರಿಯವಳು ಎದ್ದು ನಿಂತು, "ಅಯ್ಯೋ ಪೆದ್ದು ಮುಂಡೇದೇ, ಒಂದ್ಸಲ ತಟ್ಟೋ, ಒಳಗೇ ಇದ್ದಾಳೆ!" ಎಂದು ಕೂಗಿದಳು. ನಟ ತಟ್ಟಿಯೇಬಿಟ್ಟ. ಏನು ಚಪ್ಪಾಳೆ ಅಂತೀಯ!

ನೀನು ಕೇಳಿದ್ದ ನನ್ನ ಮಂಡಿನೋವು ಇಳಿದಿದೆ. ಹೊತ್ತಾಯಿತು, ಓಡುತ್ತೇನೆ, ಇವತ್ತೂ ತಟ್ಟು ಎಂದು ನಟನಿಗೆ ಹೇಳಬೇಕು.

ನಿನ್ನ ತಮ್ಮ