ಮಾತುಕಟ್ಟೆಯ ಕಾದ ಕಬ್ಬಿಣ

ಗದಗ ಸೀಮೆ,
ಬಿಸಿಲುಮಾಸದ ನಲವತ್ತೊಂದನೆಯ ದಿನ, 2318

ಹಿಂದಿನವರೇ,

ನಿಮ್ಮ ತಿಂಗಳು ಮೂವತ್ತೊಂದಕ್ಕೇ ಮುಗಿಯುತ್ತದೆಂದು ಬಲ್ಲೆ. ನಮ್ಮ ಬಿಸಿಲು ಅಷ್ಟಕ್ಕೆ ಮುಗಿಯುವುದಿಲ್ಲ. ನನ್ನ ಕೆಲವು ಮಾತು ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ನನ್ನ ಹೆಸರು ನೀಲಗಂಗವ್ವ. ನಿನ್ನೆ ನಾನು ನನ್ನ ಗಂಡನ ಕೆನ್ನೆ ಸುಟ್ಟೆ.

ನಮ್ಮಲ್ಲಿ ಒಳಬೇನೆ ಎಂಬ ರೋಗವಿದೆ. ಒಂದು ಹಾಸಿಗೆಯಿಂದ ಇನ್ನೊಂದಕ್ಕೆ ಹರಡುತ್ತದೆ. ಯಾವ ಔಷಧಿಗೂ ಜಗ್ಗುವುದಿಲ್ಲ. ಮೊದಮೊದಲು ಹೊರಗೆ ಕಾಣದು, ಹತ್ತಿದವರಿಗಷ್ಟೇ ಗೊತ್ತಾಗುತ್ತದೆ. ಅದಕ್ಕೇ ಊರೂರಿಗೂ ಮಾತುಕಟ್ಟೆ ಮಾಡಿದ್ದಾರೆ. ಮದುವೆಗೆ ಮುಂಚೆ ಗಂಡು ಹೆಣ್ಣು ಅದರ ಮೇಲೆ ನಿಂತು, ತಮ್ಮ ಮೈಯ ಸ್ಥಿತಿಯನ್ನು ಊರಿಗೆಲ್ಲ ಕೇಳುವಂತೆ ಹೇಳಬೇಕು. ಬೇನೆಯಿದೆ ಎಂದವರಿಗೆ ಮಾತ್ರ ಆಸ್ಪತ್ರೆಯವರು ಕಾಂಡೋಮ್ ಕೊಡುತ್ತಾರೆ. ಹಾಗಾಗಿ ಅದನ್ನು ಕೇಳುವುದೂ ಒಂದೇ, ಡಂಗುರ ಸಾರುವುದೂ ಒಂದೇ. ಮುಚ್ಚಿಟ್ಟು ಬೇನೆ ಅಂಟಿಸಿದವರ ಕೆನ್ನೆಗೆ ಕಾದ ಕಬ್ಬಿಣದ ಮುದ್ರೆ. ಅದನ್ನು ಒತ್ತಬೇಕಾದವರು ಅಂಟಿಸಿಕೊಂಡವರೇ. ಕೈ ಹಿಂದೆ ತೆಗೆದರೆ ಅವರಿಗೂ ಮೊದಲೇ ಗೊತ್ತಿತ್ತೆಂದು ತಿಳಿದು, ಅವರ ಕೆನ್ನೆಯನ್ನೂ ಸುಡುತ್ತಾರೆ.

ನನ್ನ ಗಂಡ ಫಕೀರೇಶನಿಗೆ ಬೇನೆಯಿತ್ತು. ಹೇಳಲಿಲ್ಲ. ನನ್ನ ಹೊಟ್ಟೆಯಲ್ಲಿದ್ದ ಕೂಸು ಸತ್ತು, ಕೊಳೆತು ಹೊರಬಂತು. ಅದೇ ಬೇನೆಗೆ ನನ್ನ ಎಡಗಣ್ಣೂ ಹೋಯಿತು. ಅವನ ಮೇಲೆ ನನಗೆ ಎಳ್ಳಷ್ಟೂ ಕನಿಕರವಿರಲಿಲ್ಲ. ಕಟ್ಟೆಯ ಹಿರಿಯಳು ಶಂಕ್ರವ್ವ ಕಾದ ಮುದ್ರೆ ಹಿಡಿದಿದ್ದ ಇಕ್ಕಳವನ್ನು ಕೈಗೆ ಕೊಟ್ಟು, “ಕೈ ನಡಗಬಾರ್ದು ನೋಡವ್ವಾ, ಒತ್ತಿ ಹಿಡಿ” ಎಂದಳು. ಒತ್ತಿ ಹಿಡಿದೆ. ಚರ್ಮ ಚುರ್ರೆಂದಿತು, ಕೆನ್ನೆ ಹಲ್ಲಿನವರೆಗೂ ಬೆಂದಿತು. ಅವನು ಕಿರುಚುತ್ತಲೇ, “ನಮ್ಮಣ್ಣ ಖರೇ ಹೇಳಿದ್ದ. ನೀವ ಅಲ್ಲೇನ ಅವನ್ನ ಕೊಂದವ್ರು?” ಎಂದ.

ಅದು ನಿಜ. ಅವನ ಅಣ್ಣ ಅದೇ ಕಟ್ಟೆ ಹತ್ತಿ, ತನಗೆ ಬೇನೆಯಿದೆ ಎಂದು ತಾನಾಗಿಯೇ ಹೇಳಿದ್ದ. ಕಾನೂನಿನ ಪ್ರಕಾರ ಅಂಥವರನ್ನು ಯಾರೂ ಮುಟ್ಟುವಂತಿಲ್ಲ. ಆದರೂ ಅವನು ಮದುವೆಯಾಗಬೇಕಿದ್ದ ಹುಡುಗಿಯ ಕಡೆಯವರು ಅವನನ್ನು ಕೆಳಗೆಳೆದು, ತಲೆ ಹೋಳಾಗುವವರೆಗೆ ಕಲ್ಲಿನಿಂದ ಜಜ್ಜಿದರು. ಊರು ನಿಂತು ನೋಡಿತು. ಆಮೇಲೆ ಬೇನೆಯಿದೆ ಎಂದು ಹೇಳಿಕೊಂಡವರು ಒಬ್ಬರೂ ಇಲ್ಲ. ಹಾಗೆಂದು ಫಕೀರೇಶನನ್ನು ನಾನು ಕ್ಷಮಿಸಲಾರೆ. ಊರಿಗೆ ಹೆದರಿದ್ದರೆ ನನಗೊಬ್ಬಳಿಗೆ ಹೇಳಬಹುದಿತ್ತು.

ಇವತ್ತು ಬೆಳಿಗ್ಗೆ ತಂಗಿ ದ್ಯಾಮವ್ವ ಬಂದಳು. ಮುಂದಿನ ವಾರ ಅವಳ ಮದುವೆ. “ಅಕ್ಕಾ, ನನಗೂ ಐತಿ. ನಾ ಮಾತ್ರ ಯಾರಿಗೂ ಹೇಳಂಗಿಲ್ಲ. ಆ ಸುಟ್ಟ ವಾಸನಿ ಮೂಗಿನಾಗಿಂದ ಹೋಗವಲ್ದು” ಎಂದಳು. ನಿನ್ನೆಯ ಶಿಕ್ಷೆಯಿಂದ ಅವಳು ಕಲಿತದ್ದು ಬಾಯಿ ಮುಚ್ಚಿಕೊಳ್ಳುವುದನ್ನು. ಸಿಟ್ಟು ತಡೆಯಲಾಗದೆ ಕೆನ್ನೆಗೆ ಬಾರಿಸಿದೆ. ಆಮೇಲೆ ನನ್ನ ಕುರುಡುಗಣ್ಣನ್ನು ಅವಳ ಬೆರಳಿಂದಲೇ ಮುಟ್ಟಿಸಿದೆ. ಇಬ್ಬರೂ ಅತ್ತೆವು.

ಈಗ ಅವಳ ಜೊತೆ ಹುಡುಗನ ಮನೆಗೆ ಹೊರಟಿದ್ದೇನೆ. ಬಾಗಿಲು ಹಾಕಿಕೊಂಡು ಅವನೊಬ್ಬನಿಗೇ ಅವಳು ಹೇಳುತ್ತಾಳೆ. ಅವನು ಕೂಗಿ ಜನ ಸೇರಿಸಿದರೆ ನಮ್ಮಿಬ್ಬರ ತಲೆಯೂ ಉಳಿಯುವುದಿಲ್ಲ.

ನಿಮ್ಮ ಕಾಲದಲ್ಲಿ ಕಾಂಡೋಮ್ ಔಷಧಿ ಅಂಗಡಿಯಲ್ಲೇ ಸಿಗುತ್ತಿತ್ತಂತೆ. ಕೊಂಡವರನ್ನು ಯಾರೂ ಕೊಲ್ಲುತ್ತಿರಲಿಲ್ಲವಂತೆ. ಆದರೂ ಎಷ್ಟೋ ಜನ ನಾಚಿಕೆಗೆ ಸುಮ್ಮನಿದ್ದಿರಂತೆ. ನಾಚಿಕೆ! ಕೇಳಿದಾಗ ನನ್ನ ಮೈ ಉರಿಯಿತು. ದಯವಿಟ್ಟು ಪಕ್ಕದಲ್ಲಿ ಮಲಗುವವರಿಗೆ ಮೊದಲೇ ಹೇಳಿ. ಹೇಳಿದವರ ಮೇಲೆ ಕೈಯೆತ್ತಬೇಡಿ.

ದ್ಯಾಮವ್ವ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಾಳೆ. ಹೋಗಿಬರುತ್ತೇನೆ ಎನ್ನಲು ಬಾಯಿ ಬರುತ್ತಿಲ್ಲ. ಹೋಗುತ್ತೇನೆ.

ನೀಲಗಂಗವ್ವ